ಖಣ್ ಎಂದ ಕಲ್ಲು, ಬದ್ ಎಂದ ಕಲ್ಲು

ನಮ್ಮೂರಿನ ಮಕ್ಕಳೆಲ್ಲ ಪಾಟಿಯ ಮೇಲೆ ಬರೆಯುತ್ತಿದ್ದರು, ನಾನೊಬ್ಬಳು ಪಾಟಿಯ ಕೆಳಗೆ ಮಲಗುತ್ತಿದ್ದೆ. ಹಿರೇಕೆರೂರಿನಿಂದ ಅಬಲೂರಿನ ಕಡೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಸಣ್ಣ ಊರು ನಮ್ಮದು. ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ, ಸ್ವಲ್ಪ ಅನುಕೂಲಸ್ಥರಿದ್ದರೆ ನಾಡಹೆಂಚು. ನಮ್ಮ ಮನೆಗೆ ಮಾತ್ರ ಕಲ್ಲಿನ ಛಾವಣಿ. ನನ್ನ ಅಜ್ಜ ಕಲ್ಲು ಸೀಳುವವನು. ಊರ ಹಿಂದಿನ ಗುಡ್ಡದಲ್ಲಿ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುವ ಕಪ್ಪು ಕಲ್ಲು ಅವನ ಕಣ್ಣಿಗೆ ಬಿದ್ದಿತಂತೆ. ಅದನ್ನು ಬೆರಳಿನ ದಪ್ಪಕ್ಕೆ ಸೀಳಿ, ಮೊಳದುದ್ದ ಕಡಿದು, ಒಂದು ತುದಿಗೆ ತೂತು ಕೊರೆದು, ಕಟ್ಟಿಗೆಯ ಗೂಟ ಜಡಿದು, ಅಡ್ಡಪಟ್ಟಿಗಳ ಮೇಲೆ ಸಾಲು ಸಾಲಾಗಿ ತೂಗುಹಾಕಿದ. ಒಂದು ಸಾಲಿನ ತಲೆಯ ಮೇಲೆ ಇನ್ನೊಂದು ಸಾಲಿನ ಕಾಲು. ಜನ ಮೊದಲು ನಕ್ಕರು, ಆಮೇಲೆ "ಪಾಟಿ ಮನಿ" ಎಂದು ಕರೆದರು. ಮಾಳಿಗೆ ಮನೆಯವರು ಮಳೆಗಾಲಕ್ಕೆ ಮೊದಲು ಮೇಲೆ ಹರಡಲು ಕರಲು ಮಣ್ಣು ಹೊತ್ತು ಬೆನ್ನು ಮುರಿದುಕೊಳ್ಳುವಾಗ ಅಜ್ಜ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದನಂತೆ. ಇದನ್ನೆಲ್ಲ ನಾನು ಕೇಳಿದ್ದೇ ಹೊರತು ಕಂಡದ್ದಲ್ಲ. ನಾನು ಕಣ್ಣು ಬಿಡುವ ಹೊತ್ತಿಗೆ ಅಜ್ಜ ಇರಲಿಲ್ಲ, ನಡೆದಾಡುವ ಹೊತ್ತಿಗೆ ಅವ್ವನೂ ಇರಲಿಲ್ಲ. ಅಪ್ಪ ಶಿಗ್ಗಾಂವದ ಕಾಳಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಇನ್ನೊಂದು ಮದುವೆಯಾಗಿದ್ದ. ಮನೆಯಲ್ಲಿ ಉಳಿದವರು ಇಬ್ಬರು, ನಾನು ಮತ್ತು ಅತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ, ನೀಲವ್ವ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಮತ್ತೆ ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅವಳ ಬಾಯಿ ಎಂದರೆ ಊರಿಗೇ ಹೆದರಿಕೆ. ಮೇಯಲು ಬಂದ ಎಮ್ಮೆಯನ್ನೂ, ಎಮ್ಮೆಯ ಯಜಮಾನನನ್ನೂ, ಅವನ ಹಿಂದಿನ ಮೂರು ತಲೆಯನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಹೊರಗೆ ಅಷ್ಟು ಮಾತಾಡುವವಳು ಒಳಗೆ ಬಂದರೆ ಮೂಕಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವುದು, ನನಗೊಂದು ತಾಟಿನಲ್ಲಿ ರೊಟ್ಟಿ, ಅಗಸಿ ಹಿಂಡಿ, ಮೊಸರು ಹಾಕಿ ಮುಂದೆ ನೂಕುವುದು, "ಉಣ್ಣು" ಎನ್ನುವುದು. ಸಂಜೆ ನವಣಕ್ಕಿ ಅನ್ನ, ಮತ್ತೆ "ಉಣ್ಣು". ನನಗೆ ತಲೆ ಬಾಚುವಾಗಲೂ ಮಾತಿಲ್ಲ, ಹೇನು ಸಿಕ್ಕಾಗ ಮಾತ್ರ "ಹಾಂ" ಎನ್ನುತ್ತಿದ್ದಳು. ಅಕ್ಕಪಕ್ಕದ ಹುಡುಗಿಯರು ಅವಳ ಬಾಯಿಗೆ ಹೆದರಿ ನಮ್ಮ ಅಂಗಳಕ್ಕೆ ಬರುತ್ತಿರಲಿಲ್ಲ. ಪಂಚಮಿಯಲ್ಲಿ ಮನೆಮನೆಗೂ ಜೋಕಾಲಿ ಕಟ್ಟಿದರೆ ನಮ್ಮ ತೊಲೆಗೂ ಅತ್ತೆ ಒಂದು ಕಟ್ಟುತ್ತಿದ್ದಳು, ಅದರಲ್ಲಿ ನಾನೊಬ್ಬಳೇ ಕೂತು, ನಾನೇ ನೆಲ ಒದ್ದು, ನಾನೇ ತೂಗಿಕೊಳ್ಳುತ್ತಿದ್ದೆ. ಮಲಗಿದರೆ ಕಾಣುವುದು ಕಲ್ಲುಗಳ ಹೊಟ್ಟೆ. ಯಾವ ಕಲ್ಲಿನ ಮೇಲೆ ತುಕ್ಕಿನ ಕಲೆ, ಯಾವುದರ ಮೂಲೆ ಚಕ್ಕೆ ಹಾರಿದೆ, ಎಲ್ಲಾ ಗೊತ್ತಿತ್ತು. ಕೆಲವಕ್ಕೆ ಹೆಸರಿಟ್ಟಿದ್ದೆ. ಬೇರೆ ಯಾರೂ ಇರದಿದ್ದರೆ ಮನುಷ್ಯರು ಕಲ್ಲಿನ ಜೊತೆಗೂ ಮಾತಾಡುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ.

ಅಪ್ಪ ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಅವನು ಅತ್ತೆಯ ತದ್ವಿರುದ್ಧ. ಮೆತ್ತಗಿನ ಮಾತು, ನಗು, ಕೈಯಲ್ಲಿ ನನಗೆ ತಿನ್ನಲು ಸವಣೂರು ಖಾರದ ಪೊಟ್ಟಣ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಿಗ್ಗಾಂವದ ಹೆದ್ದಾರಿ, ಅಲ್ಲಿ ಹೋಗುವ ಮೋಟಾರು, ಹೆಣ್ಣುಮಕ್ಕಳ ಸಾಲಿ ಎಲ್ಲ ಹೇಳುತ್ತಿದ್ದ. ಪ್ರತಿ ಸಲವೂ ಹೊರಡುವಾಗ ನಾನು ಅವನ ಧೋತರದ ಚುಂಗು ಹಿಡಿದು ಕೇಳುವುದು ಒಂದೇ, ಅವನು ಹೇಳುವುದೂ ಒಂದೇ.

"ಅಪ್ಪಾ, ನನ್ನ ಯಾವಾಗ ಕರಕೊಂಡು ಹೋಗ್ತಿ?"

"ಸ್ವಂತ ಮನಿ ಆಗಲಿ, ತಂಗಿ. ಬಾಡಗಿ ಮನ್ಯಾಗ ಎಲ್ಲಿ ಇಟಗೊಳ್ಳಲಿ ನಿನ್ನ? ಮನಿ ಆತಂದ್ರ ಮರುದಿನಾನ ಬರ್ತೇನಿ."

ಹೀಗಾಗಿ ನನ್ನ ಬದುಕಿನಲ್ಲಿ ಒಂದೇ ವಿಷಯ, ಶಿಗ್ಗಾಂವದ ಮನೆ. ಅದರ ತಳಪಾಯ ಬಿತ್ತೆಂದು ಸುದ್ದಿ ಬಂದಾಗ ಅಂಗಳದಲ್ಲಿ ಕುಣಿದೆ. ಗೋಡೆ ಎದ್ದಿತು ಎಂದಾಗ ನನ್ನ ಎರಡು ಲಂಗ, ಒಂದು ಕನ್ನಡಿ, ಗಜಗದ ಕಾಯಿಗಳನ್ನು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಟ್ಟೆ. ಅತ್ತೆ ಆ ಗಂಟನ್ನು ನೋಡಿದಳು. ಆ ಬೇಸಿಗೆಯಲ್ಲಿ ಅಪ್ಪ ಬಂದ, ಈ ಸಲ ನನ್ನ ಜೊತೆ ಕೂರುವುದಕ್ಕಿಂತ ಹೆಚ್ಚು ಹೊತ್ತು ಅಂಗಳದಲ್ಲಿ ನಿಂತು ಛಾವಣಿ ನೋಡಿದ. ಗೋಡೆಯಾಗಿತ್ತು, ಮೇಲೆ ಹೊದಿಸಲು ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಊಟಕ್ಕೆ ಕೂತಾಗ ಕಲ್ಲು ಕೇಳಿದ. ಅತ್ತೆ ನೀಡುತ್ತಿದ್ದ ಸವಟನ್ನು ಗಡಿಗೆಯಲ್ಲೇ ಬಿಟ್ಟಳು.

"ಅಪ್ಪ ಎದೀ ಮ್ಯಾಲೆ ಹೊತ್ತು ತಂದ ಕಲ್ಲು ಅವು. ಅವನ್ನ ಕಿತ್ತಿ ಒಯ್ತೀ? ನಾನು ಎಲ್ಲಿ ಇರಬೇಕೋ?"

"ಹಿಂದಿನ ಎರಡು ಖೋಲಿಗೆ ಬಿಡ್ತೇನಕ್ಕ. ಮುಂದ ಹುಲ್ಲು ಹೊದಸಿ ಕೊಡ್ತೇನಿ. ನೀವು ಇರಾವ್ರ ಒಬ್ಬರೋ ಇಬ್ಬರೋ."

"ಒಬ್ಬರೋ ಇಬ್ಬರೋ ಅಂದ್ರ? ಸರಿಯಾಗಿ ಹೇಳು, ಒಬ್ಬರೋ, ಇಬ್ಬರೋ?"

ಅಪ್ಪ ಉತ್ತರ ಕೊಡುವ ಮೊದಲೇ ಅತ್ತೆ ನನ್ನ ಕೈಗೆ ಕೊಡ ಕೊಟ್ಟು ನೀರಿಗೆ ಕಳಿಸಿದಳು. ತಿರುಗಿ ಬಂದಾಗ ಇಬ್ಬರೂ ಗೋಡೆಗೆ ಒರಗಿ ಕೂತಿದ್ದರು. ಅತ್ತೆಯ ಮುಖ ಕೆಂಪಾಗಿತ್ತು. ಅಪ್ಪ ನನ್ನನ್ನು ಕಂಡು ನಕ್ಕು, ಅತ್ತೆ ಕಲ್ಲು ಕೊಟ್ಟಳೆಂದು ಹೇಳಿದ. ನನಗೆ ಬೇರೇನು ಬೇಕಿತ್ತು? ಆ ಛಾವಣಿಯ ಕೆಳಗೆ ಇರುವವಳ ಗತಿ ಏನೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಮಕ್ಕಳಿಗೆ ಕರುಣೆ ಇರುತ್ತದೆ ಎಂದು ಯಾರು ಹೇಳಿದರೋ, ನನ್ನನ್ನು ಅವರು ನೋಡಿರಲಿಲ್ಲ.

ಕಲ್ಲು ಇಳಿಸಲು ಬಂದವನು ಸವಣೂರಿನ ಖಾದರಸಾಬ. ಹುಡುಗನಾಗಿದ್ದಾಗ ಅಜ್ಜನ ಕೈಕೆಳಗೆ ಈ ಛಾವಣಿಗೇ ಕಲ್ಲು ಏರಿಸಿದವನು. ಜೀವಮಾನವಿಡೀ ಉಳಿ ಸುತ್ತಿಗೆಯ ಸದ್ದಿನಲ್ಲಿ ಕಳೆದು ಅವನ ಎರಡೂ ಕಿವಿ ಹೋಗಿದ್ದವು. ತೀರಾ ಹತ್ತಿರ ನಿಂತು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಅದು ಈ ಕೆಲಸದಲ್ಲಿ ದೊಡ್ಡ ಕುಂದು, ಯಾಕೆಂದರೆ ಪಾಟಿಗಲ್ಲನ್ನು ಆರಿಸುವುದು ಕಣ್ಣಿನಿಂದಲ್ಲ, ಕಿವಿಯಿಂದ. ಒಂದು ಕೈಯಲ್ಲಿ ಕಲ್ಲನ್ನು ತೂಗಾಡಿಸಿ ಹಿಡಿದು, ಇನ್ನೊಂದು ಕೈಯ ಸಣ್ಣ ಸುತ್ತಿಗೆಯಿಂದ ನಡುವೆ ಮೆಲ್ಲಗೆ ತಟ್ಟಬೇಕು. ಗಟ್ಟಿ ಕಲ್ಲು ಖಣ್ ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಬದ್ ಎನ್ನುತ್ತದೆ, ಅಂಥದನ್ನು ಹೊದಿಸಿದರೆ ಮೊದಲ ಮಳೆಗೇ ಸೋರುತ್ತದೆ. ಖಾದರಸಾಬ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡ.

"ಬೇಟಿ, ನಿನ್ನ ಕಿವಿ ನನಗ ಕೊಡು. ನಾ ತಟ್ತೇನಿ, ನೀ ಹೇಳು. ಖಣ್ ಅಂದ್ರ ಮುಂದಿನ ಅಂಗಳಕ್ಕ, ಬದ್ ಅಂದ್ರ ಹಿತ್ತಲಕ್ಕ."

ನನ್ನನ್ನು ಯಾರೋ ಕೇಳಿ ಕೆಲಸ ಹಚ್ಚಿದ್ದು ಅದೇ ಮೊದಲು. ಎರಡು ದಿನ ದೇವರಿಗೆ ಕೂತಷ್ಟು ಶ್ರದ್ಧೆಯಿಂದ ಕೂತೆ. ಖಾದರ ಕಾಕಾ ತಟ್ಟಿ ನನ್ನ ಮುಖ ನೋಡುತ್ತಿದ್ದ, ನಾನು ಕೈಯಿಂದ ಹಿಂದೆ ಮುಂದೆ ತೋರಿಸುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಹಿತ್ತಲಿನ ರಾಶಿ ನೋಡಿ ಅವನು ತಲೆ ಕೊಡವಿದ. ಹೀಗೇ ಬದ್ ಎನ್ನುವ ಕಲ್ಲು ಹೆಚ್ಚಿದರೆ ಶಿಗ್ಗಾಂವದ ಮನೆಗೆ ಸಾಲುವುದಿಲ್ಲ, ಗುಡ್ಡದಿಂದ ಹೊಸದು ಸೀಳಬೇಕು, ಅದು ಮಳೆಗಾಲ ಕಳೆದು ದೀವಳಿಗೆಯ ಮೇಲಿನ ಮಾತು, ಅಂದ. ದೀವಳಿಗೆ! ನನ್ನ ಗಂಟು ಆಗಲೇ ಎರಡು ತಿಂಗಳಿಂದ ಟ್ರಂಕಿನ ಮೇಲೆ ಕಾಯುತ್ತಿತ್ತು. ಮುಂದಿನ ಕಲ್ಲು ತಟ್ಟಿದಾಗ ಬದ್ ಎಂದಿತು. ನಾನು ಮುಂದಿನ ಅಂಗಳಕ್ಕೆ ಕೈ ತೋರಿಸಿದೆ. ಅದರ ಮುಂದಿನದು ಖಣ್ ಎಂದಿತು, ಅದೂ ಮುಂದಕ್ಕೆ. ಮತ್ತೊಂದು ಬದ್, ಅದೂ ಮುಂದಕ್ಕೆ. ಅವನು ಪ್ರತಿಸಲ ತಟ್ಟಿ ನನ್ನ ಮುಖವನ್ನು ನಂಬಿಕೆಯಿಂದ ನೋಡುತ್ತಿದ್ದ. ಕಿವುಡನಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಆ ದಿನ ಗೊತ್ತಾಯಿತು. ಆಮೇಲೆ ನನ್ನ ಕೈ ಒಂದು ಸಲವೂ ಹಿತ್ತಲಿನ ಕಡೆ ತಿರುಗಲಿಲ್ಲ.

ಮೂರು ಬಂಡಿ ಕಲ್ಲು ತುಂಬಿತು. ಹಾನಗಲ್ಲಿನಲ್ಲಿ ವಸ್ತಿ ಮಾಡಿ ಮರುದಿನ ಶಿಗ್ಗಾಂವ ಸೇರುವುದೆಂದು ಮಾತಾಗಿತ್ತು. ಹೊರಡುವ ಬೆಳಿಗ್ಗೆ ನಾನೇ ನನ್ನ ಗಂಟನ್ನು ಕೊನೆಯ ಬಂಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ ಇಟ್ಟೆ. ಖಾದರಸಾಬ ಇನ್ನೂ ಮೇಲೆ ಕೂತು ನಡುಮನೆಯ ಉಳಿದ ಸಾಲು ಬಿಚ್ಚುತ್ತಿದ್ದ. ಮನೆಯೊಳಗೆ ಬಿಸಿಲು ಬಿದ್ದಿತ್ತು. ಅಷ್ಟು ವರ್ಷ ಕತ್ತಲಲ್ಲಿದ್ದ ಒರಳು, ಬೀಸುಕಲ್ಲು ಎಲ್ಲ ಬೇರೆಯವರ ಮನೆಯವು ಎಂಬಂತೆ ಕಂಡವು. ಸಾಲಿ ಮಾಸ್ತರರಿಗೆ ಹೇಳಿ ಬರುತ್ತೇನೆಂದು ಓಡಿದೆ. ಅವರು ತಲೆ ಮೇಲೆ ಕೈಯಿಟ್ಟು ಚೆನ್ನಾಗಿ ಓದು ಅಂದರು. ಅಷ್ಟೇ ಹೊತ್ತು. ತಿರುಗಿ ಬಂದಾಗ ಬಂಡಿಗಳು ಊರ ಅಗಸೆ ಬಾಗಿಲ ಹತ್ತಿರ ಇದ್ದವು. ನಾನು ಹಿಂದೆಯೇ ಓಡಿದೆ. ಅತ್ತೆ ಎಲ್ಲಿಂದಲೋ ಬಂದು ನನ್ನ ರಟ್ಟೆ ಹಿಡಿದಳು. ಅಪ್ಪ ಬಂಡಿಯಿಂದ ಇಳಿಯಲಿಲ್ಲ.

"ಆಮ್ಯಾಲ ಬರ್ತೇನಿ ತಂಗಿ," ಅಂದ. ನನ್ನ ಕಡೆ ನೋಡಲಿಲ್ಲ, ಎತ್ತಿನ ಕಡೆ ನೋಡುತ್ತ ಅಂದ.

"ನನ್ನ ಗಂಟು ಬಂಡ್ಯಾಗೈತಿ, ಬಿಡ ಅತ್ತಿ," ಎಂದು ನಾನು ಕೊಸರಾಡಿದೆ.

"ಇಲ್ಲ. ನಾನ ತಗದೇನಿ. ಕಲ್ಲು ಅವಂಗ, ನೀ ನನಗ. ಹಂಗಂತ ಮಾತಾಗೇತಿ. ನಾ ಬಿಡಂಗಿಲ್ಲ."

ನಾನು ಅವಳ ಕೈ ಕಚ್ಚಿದೆ. ರಕ್ತ ಬಂತು, ಅವಳು ಬಿಡಲಿಲ್ಲ. ಬಂಡಿಯ ಧೂಳು ಕಾಣದಂತಾದ ಮೇಲೆ ಬಿಟ್ಟಳು. ಮನೆಗೆ ಬಂದರೆ ಗಂಟು ಟ್ರಂಕಿನ ಮೇಲೆ, ಮೊದಲಿದ್ದಲ್ಲೇ ಇತ್ತು. ನೀನು ಸತ್ತರೆ ನಾನು ಅಳುವುದಿಲ್ಲ ಎಂದು ಅತ್ತೆಗೆ ಹೇಳಿದೆ. ಅವಳು ಕೈಗೆ ಅರಿಶಿಣ ಒತ್ತಿಕೊಳ್ಳುತ್ತ ಕೇಳಿಸಿಕೊಂಡಳು. ಅಂದು ಮಧ್ಯಾಹ್ನ ತಾಟು ಮುಂದೆ ಬಂದಾಗ ಅದನ್ನು ಎತ್ತಿಕೊಂಡು ಪಡಸಾಲೆಗೆ ಹೋಗಿ, ಹಿಂದಿನ ದಿನವಷ್ಟೇ ಹೊದಿಸಿದ್ದ ಹುಲ್ಲಿನ ಕೆಳಗೆ, ಒಬ್ಬಳೇ ಕೂತು ಉಂಡೆ. ಅದೇ ಪದ್ಧತಿಯಾಯಿತು. ಅವಳು ಒಲೆಯ ಮುಂದೆ, ನಾನು ಪಡಸಾಲೆಯಲ್ಲಿ. ಎಳ್ಳಮಾಸಿಯ ದಿನ ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗಲೂ ಅವಳು ಬನ್ನಿಗಿಡದ ಕೆಳಗೆ, ನಾನು ಬದುವಿನ ಮೇಲೆ. ಐದು ವರ್ಷ ಹೀಗೆ ಉಂಡೆವು.

ಆ ಮಳೆಗಾಲ ಬಂದಾಗ ಇನ್ನೊಂದು ತಿಳಿಯಿತು. ಹಿಂದಿನ ಎರಡು ಕೋಣೆ, ಅಂದರೆ ಅಡುಗೆ ಮನೆ ಮತ್ತು ನಾವು ಮಲಗುವ ಕೋಣೆಗೆ ಖಾದರಸಾಬ ಮೊದಲಿನ ಕಲ್ಲು ಬಿಚ್ಚಿ ಬೇರೆ ಕಲ್ಲು ಹೊದಿಸಿ ಹೋಗಿದ್ದನಲ್ಲ, ಅದು ಮೊದಲ ದಿನವೇ ಸೋರಿತು. ಬಿದಿರಿನ ಕೋಲು ತಂದು ಕೆಳಗಿನಿಂದ ಒಂದೊಂದೇ ಕಲ್ಲು ತಟ್ಟಿದೆ. ಬದ್. ಬದ್. ಬದ್. ನಾನು ಮುಂದಿನ ಅಂಗಳಕ್ಕೆ ಕಳಿಸಿದ ಕಲ್ಲುಗಳು ಅವು. ಚಕ್ಕೆ ಹಾರಿದ ಮೂಲೆ, ತುಕ್ಕಿನ ಕಲೆ, ಎಲ್ಲವನ್ನೂ ಗುರುತಿಸಿದೆ. ಯಾರೋ ಅವನ್ನೆಲ್ಲ ಬಂಡಿಗೆ ಹೋಗುವ ರಾಶಿಯಿಂದ ತೆಗೆದು ಹಿತ್ತಲಿಗೆ ಹಾಕಿದ್ದರು. ಶಿಗ್ಗಾಂವದ ಮನೆಗೆ ಖಣ್ ಎನ್ನುವ ಕಲ್ಲು ಮಾತ್ರ ಹೋಗಿದ್ದವು, ಕಲ್ಲು ಸಾಲದೆ ಹೋದಲ್ಲಿ ಅಪ್ಪ ಮಂಗಳೂರು ಹೆಂಚು ಹಾಕಿಸಿದನೆಂದು ಆಮೇಲೆ ಸುದ್ದಿ ಬಂತು. ನನ್ನ ಸುಳ್ಳು ಸುತ್ತಿ ಬಂದು ನನ್ನ ತಲೆಯ ಮೇಲೇ ಕೂತಿತ್ತು. ಸೋರುವಲ್ಲೆಲ್ಲ ಅತ್ತೆ ತಂಬಿಗೆ, ಬೋಗುಣಿ ಇಡುತ್ತಿದ್ದಳು. ಆ ಕೋಣೆಯಲ್ಲಿ ಒಣಗಿದ ಜಾಗ ಒಂದೇ ಇತ್ತು, ಅಲ್ಲಿ ನನ್ನ ಹಾಸಿಗೆ ಹಾಕಿ ತಾನು ಗೋಣಿಚೀಲದ ಕೊಪ್ಪೆ ಹೊದ್ದು ಬಾಗಿಲ ಹತ್ತಿರ ಕೂತೇ ತೂಕಡಿಸುತ್ತಿದ್ದಳು. ಅವಳಿಗೆ ಕೆಮ್ಮು ಹತ್ತಿದ್ದು ಆ ವರ್ಷದಿಂದ. ನನಗೆ ಅಳು ಬರುತ್ತಿತ್ತು, ಆದರೆ ಅದಕ್ಕಿಂತ ಸಿಟ್ಟು ದೊಡ್ಡದಿತ್ತು. ನನ್ನನ್ನು ಬಿಟ್ಟಿದ್ದರೆ ನೀನೂ ಒಣಗಿದ ಜಾಗದಲ್ಲಿ ಮಲಗುತ್ತಿದ್ದೆಯಲ್ಲ ಎಂದು ಮನಸ್ಸಿನಲ್ಲೇ ಬೈದು ಮಗ್ಗುಲು ಹೊರಳುತ್ತಿದ್ದೆ.

ಅಪ್ಪ ಬರಲಿಲ್ಲ. ಮೊದಲ ಪಂಚಮಿಗೆ ಸವಣೂರು ಖಾರ ಯಾರದೋ ಕೈಯಲ್ಲಿ ಬಂತು, ಎರಡನೆಯದಕ್ಕೂ ಬಂತು, ಆಮೇಲೆ ಅದೂ ನಿಂತಿತು. ಅತ್ತೆಗೆ ಹೆದರಿ ಬರುತ್ತಿಲ್ಲ ಎಂದು ನಾನು ನಂಬಿದ್ದೆ. ಸಾಲಿಯಲ್ಲಿ ಯಾರಾದರೂ ಕೇಳಿದರೆ, ನಮ್ಮಪ್ಪ ಕರಿಯಾಕತ್ತಾನ, ನಮ್ಮತ್ತಿ ಬಿಡವಲ್ಲಳು ಎಂದು ಹೇಳುತ್ತಿದ್ದೆ. ಹೇಳುವಾಗ ಒಂದು ಬಗೆಯ ಸುಖವಿತ್ತು. ಬಯಸುವ ಅಪ್ಪನೊಬ್ಬ ದೂರದಲ್ಲಿದ್ದಾನೆ, ತಡೆಯುವ ರಾಕ್ಷಸಿ ಮನೆಯಲ್ಲಿದ್ದಾಳೆ. ಅಷ್ಟರ ಮೇಲೆ ನಾನು ಬೆಳೆದೆ, ಓದಿದೆ, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗೂ ಬಂದೆ.

ಪರೀಕ್ಷೆಗೆ ಹಿರೇಕೆರೂರಿಗೆ ಹೋಗಬೇಕಿತ್ತು. ಮಾಸ್ತರರ ತಂಗಿಯ ಮನೆಯಲ್ಲಿ ಇಳಿದಿದ್ದೆ. ಕೊನೆಯ ದಿನ ಗಣಿತ ಮುಗಿಸಿ ಬರುವಾಗ ಒಂದು ಹೊಸ ಮನೆಯ ಮುಂದೆ ಪರಸಿ ಕಲ್ಲು ಹಾಸುತ್ತ ಕೂತಿದ್ದ ಮುದುಕನೊಬ್ಬ ತಲೆಯೆತ್ತಿದ. ಖಾದರಸಾಬ. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನ ಗುರುತು ಅವನಿಗೆ ಹತ್ತಿತು. ಕಲ್ಲಿನ ಮೇಲೆ ಕೂರಲು ಕೈ ಮಾಡಿ, ಬುತ್ತಿಯಲ್ಲಿ ಉಳಿದಿದ್ದ ರೊಟ್ಟಿ ಮುರಿದು ಕೊಟ್ಟ. ನಾನು ಅವನ ಕಿವಿಯ ಹತ್ತಿರ ಬಾಗಿ, ಆವತ್ತು ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದ್ದೆನೆಂದು ಕೂಗಿ ಹೇಳಿದೆ. ದಾರಿಯಲ್ಲಿ ಹೋಗುವವರೂ ನಿಂತು ನೋಡಿದರು. ಅವನು ನಕ್ಕ.

"ಕಿವಿ ಹೋಗ್ಯಾವ ಬೇಟಿ, ಬೆರಳು ಅದಾವು, ತಡ ಆಗತೈತಿ ಅಷ್ಟ. ಒಡಕ ಕಲ್ಲು ಕೈಯಾಗ ನಡಗಂಗಿಲ್ಲ. ಸಂಜಿಗೆ ಒಬ್ಬನ ಕುಂತು ಎಲ್ಲಾ ಆರಿಸಿ ಹಿತ್ತಲಕ ಹಾಕಿದೆ. ನಿಮ್ಮತ್ತಿಗೆ ಹೇಳಿದೆ, ಇವು ಸೋರತಾವು ನೀಲವ್ವಾರ, ಹೊಸ ಕಲ್ಲು ಬರೂತನಾ ತಡೀರಿ ಅಂತ. ಚಲೋವು ತಮ್ಮನ ಮನಿಗಿರಲಿ, ಕೂಸು ಅಲ್ಲೇ ಇರತೈತಿ ಅಂದರು."

ನನಗೆ ಅರ್ಥವಾಗಲಿಲ್ಲ. ಕೂಸು ಎಂದರೆ ನಾನು. ನಾನು ಅಲ್ಲಿ ಎಲ್ಲಿದ್ದೆ? ಅತ್ತೆಯೇ ನನ್ನ ಗಂಟು ತೆಗೆದಳಲ್ಲ ಎಂದು ಮತ್ತೆ ಕೂಗಿದೆ. ಖಾದರಸಾಬ ನಗುವುದನ್ನು ನಿಲ್ಲಿಸಿದ. ಕೈಯ ಧೂಳು ಒರೆಸಿಕೊಂಡ.

"ಯಾರು ಹೇಳಿದ್ರು ಹಂಗ? ನಾ ಮ್ಯಾಲಿದ್ದೆ. ನಡಮನಿ ಬಿಚ್ಚಿತ್ತು, ಒಳಗೂ ಕಾಣತಿತ್ತು, ಹೊರಗೂ ಕಾಣತಿತ್ತು. ನಿಮ್ಮಪ್ಪ ಗಂಟು ಬಂಡಿಯಿಂದ ತಗದು ಒಳಗ ತಂದಿಟ್ಟ. ನಿಮ್ಮತ್ತಿ ಒಯ್ದು ಮತ್ತ ಬಂಡ್ಯಾಗಿಟ್ಟರು. ಅಂವ ಮತ್ತ ತಂದ. ಎರಡು ಸಲ. ಮೂರನೇ ಸಲ ನಿಮ್ಮತ್ತಿ ಗಂಟು ಎದಿಗೆ ಹಿಡಕೊಂಡು ಅವನ ಕಾಲ ಮುಟ್ಟಿದರು. ಅಂವ ಕಾಲು ಹಿಂದ ತಗೊಂಡ. ಏನ ಮಾತಾಡಿದರೋ ನನಗ ಕೇಳಲಿಲ್ಲ. ನೋಡಿದ್ದ ಹೇಳಾಕತ್ತೇನಿ."

ರೊಟ್ಟಿ ಕೈಯಲ್ಲೇ ಉಳಿಯಿತು. ಅತ್ತೆ ಒಬ್ಬರ ಕಾಲು ಮುಟ್ಟಿದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ದೇವರ ಮುಂದೆಯೂ ಅವಳು ನಿಂತೇ ಕೈ ಮುಗಿಯುವವಳು. ಅಲ್ಲಿಂದ ಊರಿಗೆ ನಡೆದುಕೊಂಡೇ ಬಂದೆ, ಮಾಸ್ತರರ ಬಂಡಿಗೆ ಕಾಯಲಿಲ್ಲ. ದಾರಿಯುದ್ದಕ್ಕೂ ಅಪ್ಪನ ಮೇಲೆ ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ಅಪ್ಪ ಎನ್ನುವ ಜಾಗವೇ ಖಾಲಿಯಾಗಿತ್ತು, ಬಿಸಿಲು ಬಿದ್ದ ನಡುಮನೆಯ ಹಾಗೆ. ಕಣ್ಣ ಮುಂದೆ ಇದ್ದದ್ದು ಅತ್ತೆಯ ಕೈ ಮಾತ್ರ, ನನ್ನ ಹಲ್ಲಿನ ಗುರುತು ಇನ್ನೂ ಇರುವ ಕೈ.

ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೆಮ್ಮುತ್ತಲೇ ತಿರುಗಿ ನೋಡಿದಳು.

"ನಡಕೊಂತ ಬಂದಿ? ಕಾಲು ನೋಡು, ಹೆಂಗ ಆಗ್ಯಾವ. ಪರೀಕ್ಷಾ ಹೆಂಗಾತು?"

"ಚಲೋ ಆತು. ಅತ್ತಿ, ಹಿರೇಕೆರೂರಾಗ ಖಾದರ ಕಾಕಾ ಸಿಕ್ಕಿದ್ದ."

ಬಡಿಯುವ ಕೈ ನಿಂತಿತು. ಮತ್ತೆ ಶುರುವಾಯಿತು.

"ಅಂವಾ? ಆ ಕಿವುಡ ಏನ ಕೇಳಿರತಾನ."

"ಕೇಳಿಲ್ಲ. ನೋಡ್ಯಾನ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅತ್ತೆ ಅದನ್ನು ತಿರುವಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಒಲೆಗೇ ಹೇಳುವ ಹಾಗೆ ಹೇಳಿದಳು.

"ನಾ ಹೆಂಗೂ ಊರಿಗೆ ಕೆಟ್ಟಾಕಿ. ಇನ್ನೊಬ್ಬರಿಗೆ ಕೆಟ್ಟಾಕಿ ಆದರ ನಂದೇನ ಹೋಗತೈತಿ? ಸಣ್ಣ ಕೂಸು. ಅಪ್ಪ ಅಂತ ಒಬ್ಬಾವ ಅದಾನ, ಕರಿಯಾಕತ್ತಾನ ಅಂತ ತಿಳಕೊಂಡರ ಬೆಳೀತೈತಿ ಅಂದ್ಕೊಂಡೆ."

ನಾನೂ ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದ್ದೆ, ಒಡಕು ಕಲ್ಲನ್ನು ಶಿಗ್ಗಾಂವಕ್ಕೆ ಕಳಿಸಲು ನೋಡಿದ್ದೆ ಎಂದು ಹೇಳಬೇಕೆಂದು ದಾರಿಯೆಲ್ಲ ಹೊಂದಿಸಿಕೊಂಡು ಬಂದಿದ್ದೆ. ಅವಳು ಹೊತ್ತಿದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ಹೊಸದೊಂದನ್ನು ಬಡಿದು, ಬೇಯಿಸಿ ನನ್ನ ತಾಟಿಗೆ ಹಾಕಿದಳು. ಹಿಂಡಿ, ಮೊಸರು. ತಾಟನ್ನು ಮುಂದೆ ನೂಕಿದಳು.

"ತಗೊಂಡು ಪಡಸಾಲಿಗೆ ಹೋಗು. ಇಲ್ಲಿ ಹೊಗಿ ಭಾಳ ಐತಿ."

ನಾನು ತಾಟು ತೆಗೆದುಕೊಂಡೆ. ಅದರಲ್ಲಿದ್ದ ಬಿಳಿ ರೊಟ್ಟಿಯನ್ನು ಅವಳ ತಾಟಿಗೆ ಹಾಕಿ, ಅವಳ ಹೊತ್ತಿದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಕೊಂಡು, ಒಲೆಯ ಪಕ್ಕದಲ್ಲೇ ಕೂತು ಉಂಡೆ.